ಹಳೆ ಸರ್ವರ್ ಬೋರ್ಡಿಗೆ ಲಿನಕ್ಸ್: ಲ್ಯಾಮಿಂಗ್ಟನ್ ರೋಡಿನಲ್ಲಿ ನಾನು ಏನೇನು ನೋಡಿ ಕೊಂಡೆ

ಸರ್ವರ್ ಮದರ್‌ಬೋರ್ಡ್ ಕೊಳ್ಳಲು ಹೋದವರು ಸಾಮಾನ್ಯವಾಗಿ "ಇದರಲ್ಲಿ ಲಿನಕ್ಸ್ ಓಡುತ್ತಾ?" ಅಂತ ಕೇಳುತ್ತಾರೆ. ಅಂಗಡಿಯವರು "ಓಡುತ್ತೆ" ಅನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಅಷ್ಟು ಸಾಲದು. ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ ಒಳಗೇ ಡಿಸ್ಕ್ ಕಂಟ್ರೋಲರ್, ಯುಎಸ್‌ಬಿ, ಯಂತ್ರ ಸ್ತಬ್ಧವಾದರೆ ರೀಸ್ಟಾರ್ಟ್ ಮಾಡುವ ವಾಚ್‌ಡಾಗ್ ಎಲ್ಲ ಬೇರೆ ಬೇರೆ ಇರುತ್ತವೆ. ಅದರ ಆಚೆ ನೆಟ್‌ವರ್ಕ್ ಚಿಪ್ ಇದೆ, ದೂರದಿಂದ ಆನ್-ಆಫ್ ಮಾಡುವ ಬಿಎಂಸಿ ಇದೆ. ಒಂದೊಂದಕ್ಕೂ ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಡ್ರೈವರ್ (ಆ ಚಿಪ್ಪನ್ನು ನಡೆಸುವ ಪ್ರೋಗ್ರಾಂ) ಬೇಕು. ಆದ್ದರಿಂದ ಕೇಳಬೇಕಾದದ್ದು ಬೋರ್ಡಿನ ಬಗ್ಗೆ ಅಲ್ಲ, ಅದರ ಮೇಲಿರುವ ಒಂದೊಂದು ಚಿಪ್ಪಿನ ಬಗ್ಗೆ.

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಹಳೆ ಸ್ಮರಣ ಸಂಚಿಕೆಗಳು, ನಾಟಕದ ಫೋಟೋಗಳು ರಾಶಿ ಬಿದ್ದಿದ್ದವು. ಮುಂಬಯಿ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಸ್ಕ್ಯಾನ್ ಮಾಡುವ ಕೆಲಸ ಶುರುವಾದ ಮೇಲೆ ಅದನ್ನೆಲ್ಲ ಇಡಲು ಒಂದು ಸರ್ವರ್ ಬೇಕಾಯಿತು. ದುಡ್ಡು ಸದಸ್ಯರ ವಂತಿಗೆಯದು, ಹಾಗಾಗಿ ಹೊಸದರ ಮಾತೇ ಇಲ್ಲ. ಕಾರ್ಯದರ್ಶಿಗಳು ಒಂದೇ ಮಾತು ಕೇಳಿದರು: "ಹಳೆ ಸಾಮಾನು ತಂದು ಅದು ಅರ್ಧದಲ್ಲಿ ಕೈಕೊಟ್ರೆ ಏನ್ ಮಾಡೋದು ಮಾರಾಯ?" ನ್ಯಾಯವಾದ ಪ್ರಶ್ನೆ.

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಮುಂಬಯಿಯ ಎಲೆಕ್ಟ್ರಾನಿಕ್ಸ್ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಜೇಬಿನಲ್ಲಿ ಡೆಬಿಯನ್ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಇತ್ತು. ನಾನು ನೋಡಿದ್ದು ಇಂಟೆಲ್ ಸಿ602 ಚಿಪ್‌ಸೆಟ್ಟಿನ ಬೋರ್ಡ್. 2012ರಲ್ಲಿ ಜೀಯಾನ್ ಇ5-2600 ಪ್ರೊಸೆಸರ್ ಜೊತೆ ಬಂದದ್ದು. ಪ್ರೊಸೆಸರ್ ಮಾತ್ರ ಅದರ ಮುಂದಿನ ತಲೆಮಾರು, ವಿ2. ಅಂಗಡಿಯ ಕೌಂಟರಿನ ಮೇಲೇ ಬೂಟ್ ಮಾಡಿಸಿ, ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆ ಸೇರಿಸಿ ಓಡಿಸಿದೆ. ಪ್ರತಿ ಚಿಪ್ಪಿನ ಹೆಸರು, ಅದರ ನಂಬರು, ಅದನ್ನು ಹಿಡಿದಿರುವ ಡ್ರೈವರ್ ಎಲ್ಲ ಅಲ್ಲೇ ಕಾಣುತ್ತದೆ. ನಂಬರಿನ ಮೊದಲ ಅರ್ಧ ಕಂಪನಿಯದು. ಇಂಟೆಲ್‌ಗೆ 8086. ಎರಡನೆಯ ಅರ್ಧ ಆ ಚಿಪ್ಪಿನದು. ಹೆಸರಿನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನುವ ಸಾಲು ಇಲ್ಲದಿದ್ದರೆ ಅಲ್ಲಿ ನಿಂತು ವಿಚಾರಿಸಬೇಕು.

ಈ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಹತ್ತು ಸಾಟಾ ಪೋರ್ಟ್ ಇದ್ದವು. ನೋಡಲು ಎಲ್ಲ ಒಂದೇ ಥರ. ಆದರೆ ಆರು ಪೋರ್ಟ್ ಎಎಚ್‌ಸಿಐ ಕಂಟ್ರೋಲರಿನವು, ಉಳಿದ ನಾಲ್ಕು ಸ್ಟೋರೇಜ್ ಕಂಟ್ರೋಲ್ ಯುನಿಟ್, ಅಂದರೆ ಎಸ್‌ಸಿಯುನವು. ಪಟ್ಟಿಯಲ್ಲಿ ಮೊದಲನೆಯದರ ಮುಂದೆ 0106 ಅನ್ನುವ ವರ್ಗದ ಗುರುತು ಇರುತ್ತದೆ, ಎರಡನೆಯದರ ಮುಂದೆ 0107. ಈ ಒಂದು ಅಂಕಿಯಲ್ಲಿ ತುಂಬಾ ವಿಷಯ ಇದೆ. ಎಎಚ್‌ಸಿಐ ಅಂದರೆ ಸಾಟಾ ಡಿಸ್ಕುಗಳ ಜೊತೆ ಮಾತಾಡಲು ಎಲ್ಲರೂ ಒಪ್ಪಿಕೊಂಡ ಕ್ರಮ. ಚಿಪ್ಪಿನ ನಂಬರು ಗೊತ್ತಿಲ್ಲದಿದ್ದರೂ, ವರ್ಗದ ಗುರುತು ನೋಡಿಯೇ ಕರ್ನಲ್ಲಿನ ಎಎಚ್‌ಸಿಐ ಡ್ರೈವರ್ ಅದನ್ನು ಹಿಡಿದುಕೊಳ್ಳುತ್ತದೆ. ಎಸ್‌ಸಿಯು ಹಾಗಲ್ಲ. ಅದಕ್ಕೆ ಐಎಸ್‌ಸಿಐ ಅನ್ನುವ ಬೇರೆಯೇ ಡ್ರೈವರ್ ಬೇಕು. ಲಿನಕ್ಸ್‌ಗೆ ಅದು 2011ರ 3.0 ಕರ್ನಲ್‌ನಲ್ಲಿ ಬಂತು. ಫ್ರೀಬಿಎಸ್‌ಡಿಯಲ್ಲೂ ಅದೇ ಹೆಸರಿನ ಡ್ರೈವರ್ ಇದೆ. ಬೇರೆ ಯಾವುದಾದರೂ ಸಿಸ್ಟಮ್ ಹಾಕುವವರು ಈ ನಾಲ್ಕು ಪೋರ್ಟ್‌ಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲು ಒಮ್ಮೆ ನೋಡಿಕೊಳ್ಳಿ.

ನಾನು ಮುಖ್ಯ ಡಿಸ್ಕುಗಳನ್ನು ಎಎಚ್‌ಸಿಐ ಕಡೆಗೇ ಹಾಕಿದೆ. ಎಸ್‌ಸಿಯು ಪೋರ್ಟುಗಳ ವೇಗ ಸೆಕೆಂಡಿಗೆ 3 ಗಿಗಾಬಿಟ್. ಬ್ಯಾಕಪ್ ಡಿಸ್ಕಿಗೆ ಅದು ಧಾರಾಳ ಸಾಕು. ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ರೇಡ್ (ಡಿಸ್ಕುಗಳನ್ನು ಬೋರ್ಡಿನ ಕಡೆಯಿಂದಲೇ ಒಟ್ಟುಗೂಡಿಸುವ ಕ್ರಮ) ಅಂತ ಇದ್ದದ್ದನ್ನು ಎಎಚ್‌ಸಿಐಗೆ ಬದಲಿಸಿ, ಲಿನಕ್ಸ್‌ನದೇ ಆದ ಎಂಡಿಎಡಿಎಂ ಪ್ರೋಗ್ರಾಂನಲ್ಲಿ ಮಿರರ್ (ಒಂದೇ ಮಾಹಿತಿ ಎರಡು ಡಿಸ್ಕಿನಲ್ಲಿ) ಕಟ್ಟಿದೆ. ನಾಳೆ ಬೋರ್ಡ್ ಸತ್ತರೂ ಆ ಡಿಸ್ಕುಗಳನ್ನು ಕಿತ್ತು ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದಬಹುದು. ಕಾರ್ಯದರ್ಶಿಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ.

ಸಂಘದ ಒಬ್ಬ ಹುಡುಗ, "ಅಣ್ಣಾ, ನಮ್ಮ ಆಫೀಸಲ್ಲಿ ಇರೋದು ರೆಡ್ ಹ್ಯಾಟ್, ಅದನ್ನೇ ಹಾಕೋಣ" ಅಂದ. ನಾನು ಬೇಡ ಅಂದೆ. ಕರ್ನಲ್ಲಿನಲ್ಲಿ ಡ್ರೈವರ್ ಇರುವುದು ಒಂದು, ನಾವು ಹಾಕುವ ಡಿಸ್ಟ್ರೋದವರು (ರೆಡ್ ಹ್ಯಾಟ್, ಡೆಬಿಯನ್ ಥರ ಲಿನಕ್ಸನ್ನು ಕಟ್ಟಿಕೊಡುವವರು) ಅದನ್ನು ಉಳಿಸಿಕೊಂಡಿರುವುದು ಇನ್ನೊಂದು. ರೆಡ್ ಹ್ಯಾಟ್‌ನವರ ಲಿನಕ್ಸ್ ಆದ ಆರ್‌ಎಚ್‌ಇಎಲ್‌ನ 2019ರ 8ನೇ ಆವೃತ್ತಿಯಲ್ಲೇ ಎಲ್‌ಎಸ್‌ಐ ಎಸ್‌ಎಎಸ್2008 ಡಿಸ್ಕ್ ಕಂಟ್ರೋಲರ್ ಕಾರ್ಡಿನ ಬೆಂಬಲ ತೆಗೆದುಹಾಕಿದರು. ಸೆಕೆಂಡ್ ಹ್ಯಾಂಡ್ ಸರ್ವರುಗಳಲ್ಲಿ ಆ ಕಾರ್ಡ್ ಎಷ್ಟೋ ಕಡೆ ಸಿಗುತ್ತದೆ, ಮೂಲ ಲಿನಕ್ಸ್ ಕರ್ನಲ್ಲಿನಲ್ಲಿ ಅದರ ಡ್ರೈವರ್ ಉಳಿದೇ ಇತ್ತು. 2025ರ ಆರ್‌ಎಚ್‌ಇಎಲ್ 10 ಅಂತೂ ಎವಿಎಕ್ಸ್2 ಅನ್ನುವ ಆಜ್ಞೆಗಳ ಸೆಟ್ ಇಲ್ಲದ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ. ನಮ್ಮ ಇ5 ವಿ2ನಲ್ಲಿ ಅದು ಇಲ್ಲ. ದೊಡ್ಡ ಕಂಪನಿಗಳಿಗೆ ಇದು ಸರಿ ಇರಬಹುದು. ವಂತಿಗೆ ದುಡ್ಡಿನ ಸಂಘಕ್ಕೆ ಚೆನ್ನಾಗಿರುವ ಯಂತ್ರವನ್ನು ಸುಮ್ನೆ ಗುಜರಿಗೆ ಹಾಕುವುದು ಆಗದ ಮಾತು.

ನೆಟ್‌ವರ್ಕ್ ಚಿಪ್ ಇಂಟೆಲ್ ಐ350, ಡ್ರೈವರ್ ಐಜಿಬಿ, ತಕರಾರೇ ಇಲ್ಲ. ಪಕ್ಕದಲ್ಲಿದ್ದ ಇನ್ನೊಂದು ಬೋರ್ಡಿನಲ್ಲಿ ಬ್ರಾಡ್‌ಕಾಮ್ 5709 ಇತ್ತು. ಅದರ ಬಿಎನ್‌ಎಕ್ಸ್2 ಡ್ರೈವರ್ ಕರ್ನಲ್‌ನಲ್ಲಿದ್ದರೂ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ಪ್ರೋಗ್ರಾಂ) ಫೈಲ್ ಬೇರೆ ಬೇಕು. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಗೇ ಬರುತ್ತದೆ. ಅದಕ್ಕಿಂತ ಹಳೆಯದರಲ್ಲಿ ಪೆನ್‌ಡ್ರೈವಿಗೆ ನಾವೇ ಹಾಕಿಕೊಡಬೇಕಿತ್ತು.

ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇಡ್ಯಾಕ್, ಮೆಮರಿಯ ತಪ್ಪುಗಳ ಮೇಲೆ ಕಣ್ಣಿಡುವ ಕರ್ನಲ್ಲಿನ ಭಾಗ. ಇಸಿಸಿ ಮೆಮರಿ ಸಣ್ಣ ತಪ್ಪನ್ನು ತಾನೇ ಸರಿಮಾಡಿಕೊಂಡು ಸುಮ್ಮನಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಎಸ್‌ಬಿ-ಇಡ್ಯಾಕ್ ಡ್ರೈವರ್ ಆ ತಪ್ಪುಗಳ ಲೆಕ್ಕ ಇಡುತ್ತದೆ. ಸಿಸ್ ಫೋಲ್ಡರಿನೊಳಗೆ ಸಿಇ-ಕೌಂಟ್ ಅನ್ನುವ ಪುಟ್ಟ ಫೈಲ್, ಒಳಗೆ ಒಂದೇ ಒಂದು ಅಂಕಿ. ರಾತ್ರಿಯಿಡೀ ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಹಚ್ಚಿ ಬೆಳಿಗ್ಗೆ ನೋಡಿದರೆ ಒಂದು ಸ್ಲಾಟಿನ ಅಂಕಿ ಮಾತ್ರ ಏರಿತ್ತು, ಉಳಿದದ್ದೆಲ್ಲ ಸೊನ್ನೆ. ಅಲ್ಲಿದ್ದ ಮೆಮರಿ ಕಡ್ಡಿಯನ್ನು ಬೇರೆ ಸ್ಲಾಟಿಗೆ ಹಾಕಿದೆ. ತಪ್ಪೂ ಅದರ ಜೊತೆಗೇ ಹೋಯಿತು. ಅಂದರೆ ಬೋರ್ಡ್ ಸರಿ ಇದೆ, ಕಡ್ಡಿ ಕೆಟ್ಟಿದೆ ಅಂತ ಆಯಿತಲ್ವಾ? ಆ ಅಂಕಿಯ ಫೋಟೋ ತೋರಿಸಿದ ಮೇಲೆ ಅಂಗಡಿಯವರು ಮಾತಾಡದೆ ಬದಲಿಸಿಕೊಟ್ಟರು.

ಬಿಎಂಸಿಯನ್ನು ಮಾತ್ರ ಇಂಟರ್ನೆಟ್ಟಿಗೆ ಜೋಡಿಸಿಲ್ಲ. ಅದರ ಜೊತೆ ಮಾತಾಡುವ ಐಪಿಎಂಐ 2.0 ಕ್ರಮದಲ್ಲೇ ಒಂದು ತೂತಿದೆ: ಲಾಗಿನ್ ಆಗುವ ಮೊದಲೇ ಕೇಳಿದವರಿಗೆ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುರುತು, ಅದನ್ನಿಟ್ಟುಕೊಂಡು ಪಾಸ್‌ವರ್ಡ್ ಊಹಿಸಿ ನೋಡಬಹುದು) ಕೊಟ್ಟುಬಿಡುತ್ತದೆ. ಕ್ರಮದಲ್ಲೇ ಇರುವ ತೂತಾದ್ದರಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೂ ಅದು ಮುಚ್ಚುವುದಿಲ್ಲ. ಅದರ ಕೇಬಲ್ಲನ್ನು ಬೇರೆಯೇ ಸ್ವಿಚ್ಚಿಗೆ ಹಾಕಿ, ಸಂಘದ ಆಫೀಸಿನ ಒಂದು ಕಂಪ್ಯೂಟರಿನಿಂದ ಮಾತ್ರ ಸಿಗುವ ಹಾಗೆ ಇಟ್ಟಿದ್ದೇನೆ.