ಹುಡುಗನನ್ನು ಕೂರಿಸಿ ಹಿರಿಯರ ಕೈಗೆ ಚೆಂಡು ಕೊಟ್ಟದ್ದು: ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ನನ್ನ ಅನುಭವ

40 ಗಜ ಎಸೆಯುವ 22ರ ಹುಡುಗನನ್ನು ಬೆಂಚಿಗೆ ಹಾಕಿ, 43ರ ಗಂಡಸನ್ನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಮಾಡ್ತೀನಿ ಅಂದಾಗ ತಂಡದಲ್ಲಿ ಅರ್ಧಕ್ಕರ್ಧ ಜನ ಮೂಗು ಮುರಿದರು. "ಅಣ್ಣನ ಚೆಂಡು 25 ಗಜ ದಾಟಲ್ಲ, ಎರಡನೇ ಮ್ಯಾಚಿಗೇ ಸೇಫ್ಟಿಗಳು ಮುಂದೆ ಬಂದು ಕೂರ್ತಾರೆ" ಅನ್ನೋದು ಅವರ ವಾದ. ಸೇಫ್ಟಿಗಳು, ಅಂದರೆ ಎದುರಾಳಿಯ ಕೊನೆಯ ಸಾಲಿನ ಕಾವಲುಗಾರರು, ಮುಂದೆ ಬಂದದ್ದೂ ನಿಜವೇ. ಆದರೂ ಮೊದಲರ್ಧ ಸೀಸನ್ನಿನಲ್ಲಿ ಪಂದ್ಯಕ್ಕೆ 12-13 ಪಾಯಿಂಟಿನಲ್ಲಿ ತೆವಳುತ್ತಿದ್ದ ತಂಡ ಉಳಿದರ್ಧದಲ್ಲಿ 24-25ರ ಆಸುಪಾಸಿಗೆ ಬಂತು. ಪಂದ್ಯಕ್ಕೆ ಮೂರರಂತೆ ಬೀಳುತ್ತಿದ್ದ ಇಂಟರ್‌ಸೆಪ್ಷನ್ (ನಮ್ಮ ಪಾಸ್ ಎದುರಾಳಿ ಹಿಡಿಯೋದು) ಎರಡು ಪಂದ್ಯಕ್ಕೊಂದು ಅನ್ನೋ ಮಟ್ಟಕ್ಕೆ ಇಳಿಯಿತು. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ.

ಫ್ಲ್ಯಾಗ್ ಫುಟ್‌ಬಾಲ್ ಅಂದರೆ ಎದುರಾಳಿಯನ್ನು ಕೆಡವುವ ಬದಲು ಅವನ ಸೊಂಟದ ಫ್ಲ್ಯಾಗ್ ಕೀಳುವ ಅಮೆರಿಕನ್ ಫುಟ್‌ಬಾಲ್. ನಮ್ಮದು ನ್ಯೂಜೆರ್ಸಿಯ ಶರತ್ಕಾಲದ ಲೀಗ್, ಐವರ ಆಟ. ಎಸೆಯುವವನ ಮೇಲೆ ನುಗ್ಗುವ ಎದುರಾಳಿ, ಅಂದರೆ ರಷರ್, 7 ಗಜ ಹಿಂದಿನಿಂದ ಬರಬೇಕು, ಕ್ವಾರ್ಟರ್‌ಬ್ಯಾಕ್ ಆಟ ಶುರುವಾಗುವ ಗೆರೆ ದಾಟಿ ಓಡುವಂತಿಲ್ಲ, ಪಾಸ್ ಗಡಿಯಾರ 7 ಸೆಕೆಂಡ್.

ಮೊದಲು ಆ 7 ಸೆಕೆಂಡನ್ನು ನಂಬಬೇಡಿ. ಒಳ್ಳೆ ರಷರ್ ಓಡಬೇಕಾದದ್ದು ತನ್ನ 7 ಗಜ, ಜೊತೆಗೆ ಗೆರೆಯಿಂದ ಹಿಂದೆ ಸರಿದು (ಶಾಟ್‌ಗನ್) ನಿಂತ ಕ್ವಾರ್ಟರ್‌ಬ್ಯಾಕಿನ 5-6 ಗಜ. ಅಷ್ಟು ಓಡಲು ಅವನಿಗೆ 2.5 ಸೆಕೆಂಡ್ ಸಾಕು. ಅಂದರೆ ಚೆಂಡು 2.4ರೊಳಗೆ ಕೈ ಬಿಟ್ಟಿರಬೇಕು. ಅಳೆಯೋದು ಸುಲಭ: ಆಫೆನ್ಸಿನ ಹಿಂದೆ, ಸ್ವಲ್ಪ ಎತ್ತರದಲ್ಲಿ, 25 ಡಾಲರಿನ ಟ್ರೈಪಾಡ್ ಮೇಲೆ ಫೋನ್ ಇಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಸೆಂಟರಿನ ಕೈಯಲ್ಲಿ ಚೆಂಡು ಅಲ್ಲಾಡಿದ ಫ್ರೇಮಿನಿಂದ ಎಸೆಯುವವನ ತೋರುಬೆರಳು ಬಿಟ್ಟ ಫ್ರೇಮಿನವರೆಗೆ ಎಣಿಸಿ. ಹುಡುಗನ ಸರಾಸರಿ 3.5ರ ಮೇಲಿತ್ತು, ಕೆಲವು 4 ಮುಟ್ಟಿದ್ದವು. ಅವನ ಇಂಟರ್‌ಸೆಪ್ಷನ್‌ಗಳಲ್ಲಿ ಮೂರರಲ್ಲೆರಡು 3 ಸೆಕೆಂಡ್ ದಾಟಿದ ಮೇಲೆ, ಬಲಕ್ಕೆ ಸರಿಯುತ್ತಾ ಮೈಗೆ ಅಡ್ಡವಾಗಿ ಎಡಕ್ಕೆ ಎಸೆದವು. ತೋಳಿನ ದೋಷ ಒಂದೂ ಅಲ್ಲ. ಮೊದಲ ರಿಸೀವರ್ (ಪಾಸ್ ಹಿಡಿಯುವವನು) ಸಿಗದಿದ್ದರೆ ಕಾಲು ನಿಂತುಬಿಡುತ್ತಿತ್ತು, ಕಣ್ಣು ಅಲ್ಲೇ ಅಂಟಿಕೊಳ್ಳುತ್ತಿತ್ತು. ಮೂರನೇ ವಾರದ ಹೊತ್ತಿಗೆ ಎದುರಾಳಿ ಡಿಫೆಂಡರುಗಳು ಚೆಂಡನ್ನು ಬಿಟ್ಟು ಅವನ ಕಣ್ಣನ್ನೇ ನೋಡಿ ಓಡುತ್ತಿದ್ದರು.

ಇದು ಗೊತ್ತಾಗುವ ಮೊದಲು ತೋಳಿನ ಮೇಲೆ ಸುರಿದ ದುಡ್ಡಿನ ಲೆಕ್ಕ ಕೇಳಿ. ಗಂಟೆಗೆ 90 ಡಾಲರಿನ ಖಾಸಗಿ ಕೋಚ್, ಒಟ್ಟು 350 ಡಾಲರಿಗೂ ಮೇಲೆ. ವೇಗ ಅಳೆಯುವ ರೇಡಾರ್ ಗನ್ 120. ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹುಡುಗ ಬೆಂಗಳೂರಿನ ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಕೀಪರಿಗೆ ಎಸೆದು ಬೆಳೆದವನು. ಆ ಎಸೆತದಲ್ಲಿ ಎರಡು ಬೆರಳು ಚೆಂಡಿನ ಹಿಂದೆ ಇರುತ್ತವೆ, ಚೆಂಡು ಹಿಮ್ಮುಖ ತಿರುಗುತ್ತದೆ. ಫುಟ್‌ಬಾಲ್‌ನಲ್ಲಿ ಕೊನೆಗೆ ಬಿಡೋದು ತೋರುಬೆರಳು, ಎಸೆದ ಮೇಲೆ ಹೆಬ್ಬೆರಳು ನೆಲ ನೋಡಬೇಕು. ಕೋಚ್ ಮೊಣಕೈ ಎತ್ತಿಸಿದರು, ಮಣಿಕಟ್ಟು ತಿರುಗಿಸಿದರು. ಸುರುಳಿ ಚಂದ ಬಂತು, ಹೊತ್ತು ಮಾತ್ರ ಇನ್ನೂ ಕಾಲು ಸೆಕೆಂಡ್ ಜಾಸ್ತಿಯಾಯಿತು, ಯಾಕೆಂದರೆ ಈಗ ಅವನು ಮೊಣಕೈ ಬಗ್ಗೆಯೂ ಯೋಚಿಸಬೇಕಿತ್ತು. ಸೀಸನ್ ನಡುವೆ ಎಸೆತದ ಶೈಲಿಗೆ ಕೈ ಹಾಕಲೇಬೇಡಿ. ಅದು ಜನವರಿ-ಫೆಬ್ರವರಿಯ ಕೆಲಸ.

ಆಮೇಲೆ ಇಬ್ಬರನ್ನೂ ಆಡಿಸುವ ಪ್ರಯೋಗ. ನಡುಗೆರೆಯವರೆಗೆ ಹುಡುಗ, ಅದರಾಚೆ ಹಿರಿಯರು. ಕಾಗದದ ಮೇಲೆ ಜಾಣತನ, ಮೈದಾನದಲ್ಲಿ ಗೋಳು. ಹಿರಿಯರು ಒಳಗೆ ಬಂದರೆ ಗಿಡ್ಡ ಪಾಸ್ ಅಂತ ಎದುರಾಳಿಗೆ ನಾವೇ ಬೋರ್ಡ್ ಹಾಕಿ ಹೇಳಿದಂತಾಯಿತು. ಅದಕ್ಕಿಂತ ದೊಡ್ಡ ತೊಂದರೆ ರಿಸೀವರುಗಳದ್ದು. ಹುಡುಗನ ಚೆಂಡು ಬಿಗಿಯಾಗಿ ಎದೆಗೆ ಬಡಿಯುತ್ತದೆ, ಹಿರಿಯರದ್ದು ಮೆತ್ತಗೆ, ಮುಂಚಿತವಾಗಿ, ರಿಸೀವರ್ ತಿರುಗುವ ಮೊದಲೇ ಹೊರಟಿರುತ್ತದೆ. ಒಂದೇ ಅರ್ಧದಲ್ಲಿ ಎರಡಕ್ಕೂ ಕೈ ಹೊಂದಿಸಲು ಆಗಲ್ಲ. ಡ್ರಾಪ್‌ಗಳು, ಅಂದರೆ ಕೈಜಾರಿದ ಚೆಂಡುಗಳು, ದುಪ್ಪಟ್ಟಾದವು.

ಕಷ್ಟ ಬಂದಾಗ ನಡುವೆ ಇಳಿಸುವ ಐಡಿಯಾಗೂ ಅದೇ ಗತಿ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2020ರ ಡಾಲ್ಫಿನ್ಸ್ ತಂಡ. ಡಿಸೆಂಬರ್ 26, ಲಾಸ್ ವೇಗಸ್: ಯುವ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ 22ಕ್ಕೆ 17 ಪಾಸ್ ಪೂರೈಸಿಯೂ ಬರೀ 94 ಗಜ. ನಾಲ್ಕನೇ ಕ್ವಾರ್ಟರಿನಲ್ಲಿ ಅವನ ಬದಲು ಹಿರಿಯ ಫಿಟ್ಜ್‌ಪ್ಯಾಟ್ರಿಕ್ ಬಂದರು, ಮುಖದ ಗ್ರಿಲ್ ಹಿಡಿದು ಎಳೆಯುತ್ತಿದ್ದಾಗಲೇ ಮ್ಯಾಕ್ ಹಾಲಿನ್ಸ್‌ಗೆ ಚೆಂಡು ತಲುಪಿಸಿದರು, ಫೀಲ್ಡ್ ಗೋಲಿನಲ್ಲಿ 26-25 ಗೆಲುವು. ನೋಡಲು ಮೈ ಜುಮ್ಮೆನ್ನುತ್ತದೆ. ಆದರೆ ಅದು ಸಂಬಳ ತಗೊಂಡು ವಾರವಿಡೀ ತಯಾರಾಗಿ ನಿಂತ ಕೈ. ನಮ್ಮ ಹಿರಿಯರು ಮಡಚುವ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಎದ್ದರೆ ಭುಜ ಮರದ ತುಂಡು. ಮೊದಲ ಐದಾರು ಎಸೆತ ನೆಲಕ್ಕೇ. ಐವರ ಆಟದಲ್ಲಿ ಒಂದು ಪಂದ್ಯಕ್ಕೆ ಸಿಗೋದು ಆರೇಳು ಡ್ರೈವ್ (ಚೆಂಡು ನಮ್ಮ ಕೈಯಲ್ಲಿರುವ ಸರದಿ), ಅದರಲ್ಲೊಂದನ್ನು ಭುಜ ಕಾಯಿಸಲು ಕೊಡೋಕಾಗಲ್ಲ.

ಆದ್ದರಿಂದ ಪೂರ್ತಿ ಬದಲಾವಣೆ, ಅದೂ ಪಂದ್ಯದ ದಿನ ಅಲ್ಲ, ಪಂದ್ಯ ಮುಗಿದ ಎರಡನೇ ದಿನ. ಭಾನುವಾರ ಆಟ, ಮಂಗಳವಾರ ತೀರ್ಮಾನ. ಮೊದಲು ಹುಡುಗನಿಗೆ, ಒಬ್ಬನಿಗೇ, ಫೋನಿನಲ್ಲಲ್ಲ, ಎದುರಿಗೆ. "ನಿನ್ನ ತೋಳು ನೆಟ್ಟಗಿದೆ ಕಣೋ. ಚೆಂಡು ತಡವಾಗ್ತಿದೆ, ಅಷ್ಟೇ. ಈ ಸೀಸನ್ ಅಣ್ಣ ಎಸೀತಾರೆ, ನೀನು ರಷರ್ ಆಡು." ಇಷ್ಟೇ ಮಾತು. "ಒಂದೆರಡು ಮ್ಯಾಚ್ ನೋಡೋಣ" ಅಂತ ಸೇರಿಸಿದರೆ ಕೆಟ್ಟಿತು, ಹಿರಿಯರ ಪ್ರತಿ ಇನ್‌ಕಂಪ್ಲೀಟ್‌ಗೂ (ಯಾರೂ ಹಿಡಿಯದ ಎಸೆತಕ್ಕೂ) ಎಲ್ಲರ ಕಣ್ಣು ಬೆಂಚಿನ ಕಡೆ ಹೋಗುತ್ತದೆ. 2024ರಲ್ಲಿ ಎನ್‌ಎಫ್‌ಎಲ್‌ನ ಕೋಲ್ಟ್ಸ್ ತಂಡ ತನ್ನ ಯುವ ಕ್ವಾರ್ಟರ್‌ಬ್ಯಾಕ್ ರಿಚರ್ಡ್‌ಸನ್‌ನನ್ನು ಕೂರಿಸಿ 39ರ ಫ್ಲಾಕೊಗೆ ಕೊಟ್ಟು, ಎರಡು ಸೋಲಿನ ನಂತರ ಮತ್ತೆ ರಿಚರ್ಡ್‌ಸನ್‌ಗೇ ವಾಪಸ್ ಕೊಟ್ಟಿತು. ಅವರ ಕಾರಣಗಳು ಅವರಿಗೆ. ನನ್ನ ಲೆಕ್ಕದಲ್ಲಿ ಅದು ಇಬ್ಬರನ್ನೂ ಅರ್ಧ ಬೇಯಿಸಿದ ಕೆಲಸ.

ಮುಖ್ಯವಾದದ್ದು ಇಲ್ಲಿದೆ: ಆಳು ಬದಲಿಸಿ ಆಟ ಅದೇ ಇಟ್ಟರೆ ಏನೂ ಆಗಲ್ಲ. ಹುಡುಗನಿಗಾಗಿ ಬರೆದಿದ್ದ ನಲವತ್ತು ಚಿಲ್ಲರೆ ಪ್ಲೇಗಳಲ್ಲಿ 14 ಉಳಿಸಿಕೊಂಡೆ. ಮೈದಾನದ ಲೆಕ್ಕವೂ ಇದನ್ನೇ ಹೇಳುತ್ತದೆ. ನಮ್ಮ 5 ಗಜದ ಗೆರೆಯಿಂದ ಶುರು, ನಾಲ್ಕು ಡೌನಿನಲ್ಲಿ (ಯತ್ನದಲ್ಲಿ) ನಡುಗೆರೆ ಮುಟ್ಟಲು 20 ಗಜ. ಅಲ್ಲಿಂದ ಗೋಲ್ ಗೆರೆಗೆ 25. ಎರಡೂ ಗೆರೆಗಳ ಮುಂಚಿನ 5 ಗಜದಲ್ಲಿ ಓಡುವಂತಿಲ್ಲ, ಪಾಸೇ ಆಗಬೇಕು. 40 ಗಜದ ತೋಳನ್ನು ಇಟ್ಟುಕೊಂಡು ಎಲ್ಲಿಗೆ ಎಸೆಯೋದು? ಪಾರ್ಕಿಂಗ್ ಲಾಟಿಗಾ?

ಉಳಿಸಿಕೊಂಡದ್ದರಲ್ಲಿ ಹೆಚ್ಚು ದುಡಿದವು ಸ್ಟಿಕ್, ಸ್ಲ್ಯಾಂಟ್-ಫ್ಲ್ಯಾಟ್, ಮೆಶ್, ಸ್ಮ್ಯಾಶ್ ಅನ್ನೋ ಪಾಸ್ ಪ್ಲೇಗಳು. ಸ್ಟಿಕ್‌ನಲ್ಲಿ ರಿಸೀವರ್ ತಿರುಗುವುದು ಸರಿಯಾಗಿ 5 ಗಜಕ್ಕೆ. 6 ಆದರೆ ಡಿಫೆಂಡರಿಗೆ ಒಂದು ಹೆಜ್ಜೆ ಸಿಗುತ್ತದೆ, ಚೆಂಡು ಅವನ ಕೈಗೆ ಹೋಗುತ್ತದೆ. ಶನಿವಾರ ಪ್ರಾಕ್ಟೀಸಿನಲ್ಲಿ 5 ಗಜಕ್ಕೆ ಕಿತ್ತಳೆ ಕೋನ್ ಇಟ್ಟು, ದಾಟಿದವನ ರೆಪ್ ಲೆಕ್ಕಕ್ಕಿಲ್ಲ ಅಂತ ಹೇಳಿದೆ. ಪ್ರತಿ ಪ್ಲೇಯಲ್ಲೂ ನೋಡಬೇಕಾದದ್ದು ಒಬ್ಬನೇ ಡಿಫೆಂಡರನ್ನು. ಅವನು ಮುಂದೆ ಬಂದರೆ ಅವನ ಹಿಂದೆ, ಹಿಂದೆ ಸರಿದರೆ ಮುಂದೆ. ಎರಡೂ ಮುಚ್ಚಿದ್ದರೆ ಸೆಂಟರ್ ಮೂರು ಗಜದಲ್ಲಿ ಕಾಯುತ್ತಿರುತ್ತಾನೆ, ಅವನಿಗೆ ತಳ್ಳು, ಮುಂದಿನ ಡೌನ್ ನೋಡಿಕೋ. ಹಿರಿಯರು ಹತ್ತಾರು ವರ್ಷ ಸೆಂಟರ್ ಆಡಿದವರಾದ್ದರಿಂದ ಆ ಮೂರು ಗಜದ ಬೆಲೆ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಅವರ ಹೊತ್ತು 1.9ರಿಂದ 2.1. ರಷರ್ ಬರುವ ಹೊತ್ತಿಗೆ ಕೈ ಖಾಲಿ.

ಪ್ಲೇಗಳನ್ನು ರಿಸ್ಟ್‌ಬ್ಯಾಂಡಿನಲ್ಲಿ ಹಾಕಿ, ಎಲ್ಲರಿಗೂ. ಒಂದಕ್ಕೆ 7-8 ಡಾಲರ್. ಪ್ಲೇಗೆ ಮೊದಲು ಗುಂಪುಗೂಡಿ ಮಾತಾಡುವ ಹಡಲ್ ಚಿಕ್ಕದಾದರೆ ಓಡುವ ಗಡಿಯಾರದಲ್ಲಿ ಪಂದ್ಯಕ್ಕೆ ಒಂದು ಡ್ರೈವ್ ಹೆಚ್ಚಿಗೆ ಸಿಗುತ್ತದೆ. ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಲಿಗೆ ಹೊಳೆದು ಏನೂ ಕಾಣಲ್ಲ. ದಪ್ಪ ಕಾಗದ, ಮೇಲೆ ಮ್ಯಾಟ್ ಟೇಪ್.

ಪ್ರಾಕ್ಟೀಸಿನ ಎಸೆತಗಳಲ್ಲಿ ನೂರಕ್ಕೆ 80 ಹಿರಿಯರಿಗೆ. ಆದರೆ ಶನಿವಾರದ ಒಟ್ಟು 60-70 ದಾಟಬಾರದು, ಶುಕ್ರವಾರ ಒಂದೂ ಇಲ್ಲ. ಶುರುವಿನಲ್ಲಿ ಇದನ್ನು ಲೆಕ್ಕಿಸದೆ 100 ದಾಟಿಸಿದ ವಾರ ಭಾನುವಾರ ಚೆಂಡು ಎರಡೆರಡು ಗಜ ಕಡಿಮೆ ಬಿತ್ತು. ಪಂದ್ಯಕ್ಕೆ ಮೊದಲು 15 ನಿಮಿಷ ಕಾಯಿಸುವುದು: ರಬ್ಬರ್ ಬ್ಯಾಂಡ್ ಎಳೆತ, ಆಮೇಲೆ 5 ಗಜದಿಂದ ಶುರುಮಾಡಿ 20ರವರೆಗೆ, ಅದಕ್ಕಿಂತ ಮುಂದೆ ಹೋಗಬಾರದು.

ಚೆಂಡಿನ ವಿಷಯದಲ್ಲಿ ಸ್ವಲ್ಪ ಅಡ್ಡದಾರಿ ಹಿಡಿದೆ. ಹಿರಿಯರ ಅಂಗೈ ಚಿಕ್ಕದು. ಯೂತ್ ಸೈಜ್ ಚೆಂಡು ತಂದರೆ ಚಂದ ಹೋಗುತ್ತದೆ, ಆದರೆ ಗಂಡಸರ ವಿಭಾಗದಲ್ಲಿ ರೆಫರಿ ಬಿಡಲ್ಲ. 100 ಡಾಲರಿನ ವಿಲ್ಸನ್ ಚರ್ಮದ ಚೆಂಡು ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುದುರೆ ಕೂದಲಿನ ಬ್ರಷ್ಷಿನಲ್ಲಿ ತಿಕ್ಕಿ, ಹಿಡಿತಕ್ಕಾಗಿ ಅಂಟು ಮೇಣ (ಟ್ಯಾಕ್) ಹಚ್ಚಿ ಒಣಗಿಸಿ, ಹೀಗೆ ವಾರಗಟ್ಟಲೆ ಪಳಗಿಸಿದ ಮೇಲೆ ಹಿಡಿತ ಬಂತು. ಗಾಳಿ 12.5ರಿಂದ 13.5 ಪಿಎಸ್‌ಐ ಇರಬೇಕು. 25 ಡಿಗ್ರಿಯ ಮನೆಯೊಳಗೆ 13 ತುಂಬಿ ನವೆಂಬರಿನ 5 ಡಿಗ್ರಿಗೆ ತೆಗೆದುಕೊಂಡು ಹೋದರೆ ಹತ್ತಿರಹತ್ತಿರ 2 ಪಿಎಸ್‌ಐ ತಾನಾಗಿಯೇ ಇಳಿದಿರುತ್ತದೆ. ಎನ್‌ಎಫ್‌ಎಲ್‌ನ ಪೇಟ್ರಿಯಟ್ಸ್ ತಂಡ ಗಾಳಿ ಇಳಿಸಿದ ಚೆಂಡು ಬಳಸಿತು ಅಂತ 2015ರ ಜನವರಿಯಲ್ಲಿ ಎದ್ದ ಗಲಾಟೆಯಲ್ಲಿ ಈ ಭೌತಶಾಸ್ತ್ರದ ಮೇಲೇ ತಿಂಗಳುಗಟ್ಟಲೆ ಜಗಳ ನಡೆಯಿತು. ಪಂಪ್ ಮತ್ತು ಗೇಜ್ ಮೈದಾನಕ್ಕೇ ಒಯ್ಯಿರಿ, ಅರ್ಧ ಗಂಟೆ ಚೆಂಡನ್ನು ಹೊರಗಿಟ್ಟು ಆಮೇಲೆ ಅಳೆಯಿರಿ. ಬರಿಗೈಗೆ 12.5 ಸರಿ, ಗ್ಲೌಸ್ ಹಾಕಿದರೆ 13. ಸೊಂಟಕ್ಕೆ ಕಟ್ಟುವ ಕೈಬೆಚ್ಚಗಿನ ಚೀಲ ಫ್ಲ್ಯಾಗಿಗೆ ಅಡ್ಡ ಬರುತ್ತದೆ ಅಂತ ರೆಫರಿ ತೆಗೆಸಿದರು, ಅದರ 30 ಡಾಲರೂ ಹೋಯಿತು. ಬಿಸಿಯಾಗುವ ಪುಡಿಯ ಪೊಟ್ಟಣ ಸೈಡ್‌ಲೈನಿನಲ್ಲಿಟ್ಟುಕೊಂಡರೆ ಸಾಕು.

ಈಗ ಆ ಸೇಫ್ಟಿಗಳ ವಿಷಯ. ಹಿರಿಯರ ಮೊದಲ ಪಂದ್ಯ ಎಲ್ಲರಿಗೂ ಹಬ್ಬವೇ, ಎದುರಾಳಿ ಹತ್ತಿರ ವಿಡಿಯೋ ಇರಲ್ಲ. ಪ್ಯಾಂಥರ್ಸ್ 2024ರಲ್ಲಿ ಎರಡೇ ಪಂದ್ಯಕ್ಕೆ ಯುವ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನು ಕೂರಿಸಿದಾಗ, ಬದಲಿಗೆ ಬಂದ ಹಿರಿಯ ಆ್ಯಂಡಿ ಡಾಲ್ಟನ್ ಮೊದಲ ಪಂದ್ಯದಲ್ಲೇ 319 ಗಜ, ಮೂರು ಟಚ್‌ಡೌನ್, ರೇಡರ್ಸ್ ವಿರುದ್ಧ 36-22. ಮುಂದಿನ ವಾರಗಳಲ್ಲಿ ಸೋಲು ಸಾಲುಗಟ್ಟಿತು. ನಮಗೂ ಮೂರನೇ ಪಂದ್ಯದಲ್ಲಿ ಸೇಫ್ಟಿ 8 ಗಜಕ್ಕೆ ಬಂದು ನಿಂತ. ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟಿರಬೇಕು: ಮೊದಲೆರಡು ಡ್ರೈವಿನಲ್ಲಿ ಸ್ಟಿಕ್ ಎರಡು ಮೂರು ಸಲ ಎಸೆದು, ಮೂರನೆಯದರಲ್ಲಿ ಅದೇ ಸ್ಟಿಕ್‌ನಂತೆ ತಿರುಗಿ, ಹಿರಿಯರು ಭುಜ ಮಾತ್ರ ಅಲ್ಲಾಡಿಸಿ, ರಿಸೀವರ್ ಮೇಲಕ್ಕೆ. ಚೆಂಡು ಗಾಳಿಯಲ್ಲಿ ಹೋಗಬೇಕಾದದ್ದು 22-23 ಗಜ, ಅಷ್ಟು ಅವರ ಕೈಲಿದೆ. ಇದಕ್ಕೆ 2.6 ಸೆಕೆಂಡ್ ಹಿಡಿಯುತ್ತದೆ, ಅಂದರೆ ರಷರನ್ನು ಅರ್ಧ ಹೆಜ್ಜೆ ತಡೆಯಬೇಕು. ಡಿಕ್ಕಿ ಹೊಡೆಯದೆ, ದಂಡ ಬೀಳದೆ ಅದನ್ನು ಸೆಂಟರ್ ಹೇಗೆ ಮಾಡುತ್ತಾನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ನಮ್ಮ ಲೀಗಿನವರು ಇಬ್ಬರಾದರೂ ಇದನ್ನು ಓದುತ್ತಾರೆ. ಎಕ್ಸ್‌ಟ್ರಾ ಪಾಯಿಂಟಿಗೆ ನಾವು 5 ಗಜದಿಂದ ಆಡುವ ಪ್ಲೇಯೂ ಅಷ್ಟೇ. ಹತ್ತಕ್ಕೆ ಎಂಟು ಬಿದ್ದಿದೆ ಅಂತ ಮಾತ್ರ ಹೇಳ್ತೀನಿ.

ಇನ್ನೂ ಪರಿಹಾರ ಸಿಗದ್ದು ಗಾಳಿ. ಗಂಟೆಗೆ 15 ಮೈಲಿಗಿಂತ ಜೋರಾಗಿ ಎದುರಿಂದ ಬೀಸಿದರೆ ಹಿರಿಯರ ಔಟ್ ರೂಟ್ (ಅಂಚಿನ ಕಡೆ ತಿರುಗುವವನಿಗೆ ಎಸೆಯುವ ಪಾಸ್) ತೇಲುತ್ತದೆ, ಅದು ಎದುರಾಳಿಗೆ ನೇರ ಟಚ್‌ಡೌನ್ ಕೊಟ್ಟಂತೆ. ಅಂಥ ದಿನ ಔಟ್ ತೆಗೆದುಹಾಕಿ, ಒಳಗೆ ಮುರಿಯುವ ರೂಟ್ ಮಾತ್ರ. ಸೆಮಿಫೈನಲ್ ಸೋತದ್ದು ಅಂಥ ದಿನವೇ, ಒಂದೇ ಟಚ್‌ಡೌನಿನಿಂದ.

ಹುಡುಗನನ್ನು ಬೆಂಚಿಗೆ ಹಾಕಿದೆ ಅಂತ ಬರೆದೆನಲ್ಲ, ಅವನು ಕೂತದ್ದು ಕಡಿಮೆ. ಕ್ವಾರ್ಟರ್‌ಬ್ಯಾಕ್ ಆಡಿದವನಿಗೆ ಎಸೆಯುವವನ ಕಾಲು ಯಾವಾಗ ನಿಲ್ಲುತ್ತದೆ ಗೊತ್ತು, ರಷರ್ ಆಗಿ ಅವನು ಪಂದ್ಯಕ್ಕೆರಡು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕಿನ ಫ್ಲ್ಯಾಗ್ ಕೀಳೋದು) ತರುತ್ತಿದ್ದ. ಆಫೆನ್ಸ್ ಆಡುವಾಗ ನನ್ನ ಪಕ್ಕ ನಿಂತು, ಸ್ನ್ಯಾಪ್ ಆದ (ಸೆಂಟರ್ ಚೆಂಡು ಕೊಟ್ಟ) ಕೂಡಲೇ ಚೆಂಡು ಯಾರಿಗೆ ಹೋಗಬೇಕು ಅಂತ ಗಟ್ಟಿಯಾಗಿ ಹೇಳಬೇಕು, ಹಿರಿಯರು ಎಸೆಯುವ ಮೊದಲೇ. ಶುರುವಿನಲ್ಲಿ ಅರ್ಧ ಸರಿ ಬರುತ್ತಿತ್ತು, ಸೀಸನ್ ಕೊನೆಗೆ ಮುಕ್ಕಾಲು. ಅವನು ವಾಪಸ್ ಎಸೆಯಲು ಷರತ್ತು ಮೊದಲೇ ಬರೆದುಕೊಟ್ಟಿದ್ದೆ: ನಿಜವಾದ ರಷರ್ ಓಡಿಬರುತ್ತಿರುವಾಗ 20 ಎಸೆತ, ಅದರಲ್ಲಿ 16 ಎಸೆತ 2.4 ಸೆಕೆಂಡಿನೊಳಗೆ ಕೈ ಬಿಟ್ಟಿರಬೇಕು, ಎರಡು ಶನಿವಾರ ಸತತವಾಗಿ. ಪೂರೈಸಿದನೋ ಇಲ್ಲವೋ ಅನ್ನೋದು ಇದರಲ್ಲಿ ಲೆಕ್ಕಕ್ಕಿಲ್ಲ, ಹೊತ್ತು ಮಾತ್ರ. ಕೊನೆಯ ಸಲ ಅಳೆದಾಗ 14ರಲ್ಲಿದ್ದ. ಏಪ್ರಿಲ್‌ನ ಸೀಸನ್ನಿಗೆ ತಂಡದ ಶುಲ್ಕ 900 ಡಾಲರಿನ ಹತ್ತಿರ, ಮಾರ್ಚ್ ಮೊದಲ ವಾರ ಕಟ್ಟಬೇಕು. ಅಷ್ಟರೊಳಗೆ 16 ಮುಟ್ಟಿದರೆ 14 ಪ್ಲೇಗಳ ಅದೇ ರಿಸ್ಟ್‌ಬ್ಯಾಂಡ್ ಅವನ ಕೈಗೆ, ಇಲ್ಲವಾದರೆ ಅಣ್ಣನೇ ಎಸೀತಾರೆ.