ಅಮೆರಿಕದಲ್ಲಿ ಕ್ರಿಶ್ಚಿಯನ್ ಕಾಲೇಜು ಆರಿಸ್ಕೊಳ್ತಿದೀರಾ? ಸೀಟಿಗೆ ಡೆಪಾಸಿಟ್ ಕಟ್ಟೋಕ್ ಮುಂಚೆ ಇಷ್ಟು ನೋಡಿ

ಸ್ಟೇಟ್ ಯೂನಿವರ್ಸಿಟಿ ಬೇಡ, ಕ್ರಿಶ್ಚಿಯನ್ ಕಾಲೇಜೇ ಬೇಕು ಅಂತ ಮನಸ್ಸಿದ್ರೆ ತಪ್ಪೇನಿಲ್ಲ, ಆದ್ರೆ ಬೋರ್ಡ್ ನೋಡಿ ಒಳಗೇನಿದೆ ಅಂತ ಹೇಳಕ್ಕಾಗಲ್ಲ. ಹಾರ್ವರ್ಡ್ 1636ರಲ್ಲಿ ಶುರುವಾದಾಗ ಪಾದ್ರಿಗಳನ್ನ ತಯಾರು ಮಾಡೋದೂ ಅದರ ಉದ್ದೇಶ ಆಗಿತ್ತು, ಇವತ್ತು ಅದನ್ನ ಯಾರೂ ಕ್ರಿಶ್ಚಿಯನ್ ಕಾಲೇಜು ಅನ್ನಲ್ಲ. ನಾಟ್ರ ಡೇಮ್ ಯೂನಿವರ್ಸಿಟಿ ಪಕ್ಕಾ ಕ್ಯಾಥೊಲಿಕ್, ಆದ್ರೂ ಸೇರೋಕೆ ಕ್ಯಾಥೊಲಿಕ್ ಆಗಿರಬೇಕಿಲ್ಲ, ಥಿಯಾಲಜಿ (ದೇವರು, ಧರ್ಮದ ಅಧ್ಯಯನ) ಕೋರ್ಸ್ ಮಾತ್ರ ಎಲ್ಲರೂ ತಗೋಬೇಕು. ಇಲಿನಾಯ್‌ನ ವೀಟನ್ ಕಾಲೇಜಲ್ಲಿ ಸ್ಟೂಡೆಂಟ್‌ಗಳೇ ಕಮ್ಯುನಿಟಿ ಕವೆನೆಂಟ್ ಅಂತ ನಡವಳಿಕೆಯ ಒಂದು ಒಪ್ಪಂದಕ್ಕೆ ಒಪ್ಕೋಬೇಕು, 2003ರವರೆಗೆ ಅಲ್ಲಿ ಡ್ಯಾನ್ಸ್ ಮಾಡೋಕೂ ಬಿಡ್ತಿರಲಿಲ್ಲ!

ಅದಕ್ಕೇ ಮೊದಲ ಕೆಲಸ, ಯಾರ್ಯಾರು ಯಾವ ಪೇಪರ್‌ಗೆ ಸೈನ್ ಮಾಡ್ಬೇಕು ಅಂತ ಕೇಳಿ. ಕೆಲವು ಕಡೆ ಪ್ರೊಫೆಸರ್‌ಗಳು ಮಾತ್ರ ನಂಬಿಕೆಯ ಹೇಳಿಕೆಗೆ ಸೈನ್ ಮಾಡ್ತಾರೆ, ಸ್ಟೂಡೆಂಟ್ ಯಾರಾದ್ರೂ ಬರಬಹುದು. ಕೆಲವು ಕಡೆ ಇಬ್ರೂ ಮಾಡ್ಬೇಕು. ಸ್ಟೂಡೆಂಟ್ ಹ್ಯಾಂಡ್‌ಬುಕ್ ಡೌನ್‌ಲೋಡ್ ಮಾಡಿ ಪೂರ್ತಿ ಓದಿ, ಬೋರಾದ್ರೂ ಓದಿ, ಕುಡಿತ, ಹಾಸ್ಟೆಲ್ ಟೈಮಿಂಗ್, ಡೇಟಿಂಗ್, ಚಾಪೆಲ್ (ಕ್ಯಾಂಪಸ್‌ನ ಪ್ರಾರ್ಥನಾ ಸಭೆ) ಅಟೆಂಡೆನ್ಸ್, ರೂಲ್ ಮುರಿದ್ರೆ ಏನ್ಮಾಡ್ತಾರೆ ಅನ್ನೋದೆಲ್ಲ ಅಲ್ಲೇ ಇರತ್ತೆ. ಓದಬೇಕಾದವರು ಅಪ್ಪ ಅಮ್ಮ ಅಲ್ಲ, ಅಲ್ಲಿ ನಾಲ್ಕು ವರ್ಷ ಇರೋ ಮಗಳೋ ಮಗನೋ ಓದಬೇಕು. ಸ್ಟೇಟ್ ಯೂನಿವರ್ಸಿಟಿಗೆ ಬಿಟ್ರೆ ಹುಡುಗ ಕೈತಪ್ಪಿ ಹೋಗ್ತಾನೆ ಅನ್ನೋ ಭಯಕ್ಕೆ ಕಾಲೇಜು ಆರಿಸೋದು ನನಗೆ ಸರಿ ಕಾಣಲ್ಲ, ಯಾಕಂದ್ರೆ ಸ್ಟೇಟ್ ಯೂನಿವರ್ಸಿಟೀಲೂ ಇಂಟರ್‌ವರ್ಸಿಟಿ, ಕ್ರೂ ತರದ ಕ್ರಿಶ್ಚಿಯನ್ ಸ್ಟೂಡೆಂಟ್ ಸಂಘಗಳು, ಕ್ಯಾಥೊಲಿಕ್ಕರಿಗೆ ನ್ಯೂಮನ್ ಸೆಂಟರ್ ಇರತ್ತೆ. ಕ್ರೂ ಹುಟ್ಟಿದ್ದೇ 1951ರಲ್ಲಿ, ಯುಸಿಎಲ್‌ಎ ಅನ್ನೋ ಸ್ಟೇಟ್ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ.

ಆಮೇಲೆ ಸಬ್ಜೆಕ್ಟ್. ಬಯಾಲಜಿ ಓದೋರು ಎವಲ್ಯೂಷನ್ ಹೇಗೆ ಪಾಠ ಮಾಡ್ತೀರಾ ಅಂತ ಆ ಪ್ರೊಫೆಸರ್‌ಗೇ ಈಮೇಲ್ ಹಾಕಿ, ಕಾಲೇಜಿಂದ ಕಾಲೇಜಿಗೆ ಉತ್ತರ ಬೇರೆ ಬೇರೆ ಬರತ್ತೆ. ಅಡ್ಮಿಷನ್ ಆಫೀಸಿನವರು ಸಿಹಿಯಾಗಿ ಮಾತಾಡ್ತಾರೆ, ಅವರ ಕೆಲಸನೇ ಅದು. ಅಕ್ರೆಡಿಟೇಷನ್, ಅಂದ್ರೆ ಕಾಲೇಜಿನ ಗುಣಮಟ್ಟಕ್ಕೆ ಕೊಡೋ ಮಾನ್ಯತೆ, ಯಾರದು ಅಂತಲೂ ನೋಡ್ಕೊಳ್ಳಿ. ಕೆಲವು ಬೈಬಲ್ ಕಾಲೇಜುಗಳಿಗೆ ಧಾರ್ಮಿಕ ಸಂಸ್ಥೆಗಳ ಅಕ್ರೆಡಿಟೇಷನ್ ಮಾತ್ರ ಇರತ್ತೆ, ಸರ್ಕಾರ ಅದನ್ನ ಮಾನ್ಯ ಮಾಡಿದ್ರೂ ಬೇರೆ ಯೂನಿವರ್ಸಿಟಿಗೆ ಕ್ರೆಡಿಟ್ ಟ್ರಾನ್ಸ್‌ಫರ್ ಮಾಡೋವಾಗ ಕೆಲವರು ತಗೊಳಲ್ಲ. ಎಂಜಿನಿಯರಿಂಗ್ ಆದ್ರೆ ಅಬೆಟ್ (ABET) ಅನ್ನೋ ಸಂಸ್ಥೆಯ ಅಕ್ರೆಡಿಟೇಷನ್ ಇದ್ಯಾ ಕೇಳಿ, ನರ್ಸಿಂಗಿಗೂ ಹಾಗೇ ಬೇರೆ ಅಕ್ರೆಡಿಟೇಷನ್ ಇದೆ.

ಈಗ ದುಡ್ಡು. ವೆಬ್‌ಸೈಟಲ್ಲಿ ಇರೋ ಫೀಸ್ ನೋಡಿ ಎದೆ ಒಡ್ಕೋಬೇಡಿ, ಪ್ರೈವೇಟ್ ಕಾಲೇಜುಗಳಲ್ಲಿ ಅಷ್ಟು ಪೂರ್ತಿ ಕಟ್ಟೋರು ಕಡಿಮೆ, ಸ್ಕಾಲರ್‌ಶಿಪ್ ಅಂತ ಡಿಸ್ಕೌಂಟ್ ಕೊಟ್ಟೇ ಕೊಡ್ತಾರೆ. ಫೆಡರಲ್ ಏಡ್, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರದ ಸ್ಟೂಡೆಂಟ್ ನೆರವು, ತಗೊಳೋ ಕಾಲೇಜುಗಳ ಸೈಟಲ್ಲಿ 2011ರಿಂದ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಡಿಸ್ಕೌಂಟ್ ಕಳೆದು ಎಷ್ಟು ಕಟ್ಬೇಕಾಗಬಹುದು ಅಂತ ಅಂದಾಜು ತೋರಿಸೋದು) ಕಡ್ಡಾಯ, ಅದರಲ್ಲಿ ನಿಮ್ಮ ಲೆಕ್ಕ ಹಾಕಿ, ನಿಮ್ಮ ಸ್ಟೇಟ್ ಯೂನಿವರ್ಸಿಟಿಯದ್ದೂ ಹಾಕಿ, ಎರಡೂ ಪಕ್ಕದಲ್ಲಿಟ್ಟು ನೋಡಿ. ಗ್ರೋವ್ ಸಿಟಿ, ಹಿಲ್ಸ್‌ಡೇಲ್ ತರದ ಕಾಲೇಜುಗಳು ಸರ್ಕಾರದ ರೂಲ್ ಬೇಡ ಅಂತ ಫೆಡರಲ್ ದುಡ್ಡನ್ನೇ ಮುಟ್ಟಲ್ಲ, ಅಲ್ಲಿ ಪೆಲ್ ಗ್ರಾಂಟ್, ಅಂದ್ರೆ ಕಡಿಮೆ ಆದಾಯದ ಮನೆಯ ಸ್ಟೂಡೆಂಟ್‌ಗಳಿಗೆ ಆ ಸರ್ಕಾರ ಕೊಡೋ ನೆರವು, ನಡೆಯಲ್ಲ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಬರೋರಿಗಂತೂ ಎಲ್ಲೇ ಸೇರಿದ್ರೂ ಫೆಡರಲ್ ಏಡ್ ಇಲ್ಲ, ಕಾಲೇಜು ಕೊಡೋದೇ ಗತಿ.

ಯಾರೂ ಕೇಳದೇ ಇರೋ ಇನ್ನೊಂದು ಪ್ರಶ್ನೆ, ಕಾಲೇಜು ನಾಲ್ಕು ವರ್ಷ ಬದುಕಿರತ್ತಾ ಅಂತ. ತಮಾಷೆ ಅಲ್ಲ, ಪೋರ್ಟ್‌ಲ್ಯಾಂಡಿನ ಕಾಂಕಾರ್ಡಿಯಾ ಯೂನಿವರ್ಸಿಟಿ 2020ರಲ್ಲಿ ಮುಚ್ತು, ನ್ಯೂಯಾರ್ಕಿನ ಕಿಂಗ್ಸ್ ಕಾಲೇಜಲ್ಲಿ 2023ರಲ್ಲಿ ಕ್ಲಾಸ್ ನಿಂತೋಯ್ತು. ಐದು ವರ್ಷದಲ್ಲಿ ಸ್ಟೂಡೆಂಟ್ ಸಂಖ್ಯೆ ಏರಿದ್ಯಾ ಇಳಿದಿದ್ಯಾ, ಡಿಪಾರ್ಟ್‌ಮೆಂಟ್ ಏನಾದ್ರೂ ಮುಚ್ಚಿದಾರಾ ಅಂತ ಕೇಳಿ, ತಡವರಿಸಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ.

ಕ್ಯಾಂಪಸ್ ನೋಡೋಕೆ ಓಪನ್ ಹೌಸ್ ದಿನ ಹೋಗ್ಬೇಡಿ, ಮಾಮೂಲಿ ವಾರದ ದಿನ ಹೋಗಿ ಒಂದು ಕ್ಲಾಸು ಒಂದು ಚಾಪೆಲ್ ಕೂತು ಬನ್ನಿ, ಚಾಪೆಲಲ್ಲಿ ಎಷ್ಟು ಜನ ಫೋನ್ ನೋಡ್ತಿದಾರೆ ಅಂತಲೂ ಗಮನಿಸಿ. ಡೆಪಾಸಿಟ್ ಕಟ್ಟೋಕೆ ಸಾಮಾನ್ಯವಾಗಿ ಮೇ 1 ಕೊನೇ ದಿನ, ಬೇರೆ ಕಡೆಯಿಂದ ಒಳ್ಳೆ ಆಫರ್ ಇದ್ರೆ ಅದಕ್ಕೂ ಎರಡು ಮೂರು ವಾರ ಮುಂಚೇನೇ ಆ ಲೆಟರ್ ಜೊತೆಗೆ ಫೈನಾನ್ಶಿಯಲ್ ಏಡ್ ಆಫೀಸಿಗೆ ಬರೆದು ಇನ್ನೂ ಸ್ವಲ್ಪ ಕಡಿಮೆ ಮಾಡ್ತೀರಾ ಅಂತ ಕೇಳಿ, ಅಲ್ಲಿ ಅದನ್ನ ಯಾರೂ ತಪ್ಪು ತಿಳ್ಕೊಳಲ್ಲ.