ಟೇಪ್ ರಿಸ್ಟೋರ್ ಎಲ್ಲಿ ನಿಧಾನವಾಗುತ್ತದೆ: ಡಿಆರ್ ಕೆಲಸದಲ್ಲಿ ನಾನು ಅನುಸರಿಸುವ ಕ್ರಮ

ಡಿಆರ್ ಸೈಟಿನಲ್ಲಿ (ಮೂಲ ಸರ್ವರುಗಳು ಹಾಳಾದಾಗ ಬಳಸುವ ಬದಲಿ ತಾಣ) ರಿಸ್ಟೋರ್, ಅಂದರೆ ಬ್ಯಾಕಪ್ ಟೇಪಿನಿಂದ ಡೇಟಾ ಮರಳಿ ತರುವ ಕೆಲಸ, ಶುರುವಾದ ಕೂಡಲೇ ಬರುವ ಪ್ರಶ್ನೆ, "ಯಾಕಿಷ್ಟು ನಿಧಾನ?" ಎಲ್ಲರ ಬೆರಳೂ ಟೇಪಿನ ಕಡೆಗೇ. ಆದರೆ ಎಲ್‌ಟಿಒ-8 (ಬ್ಯಾಕಪ್ ಟೇಪಿನ ಎಂಟನೇ ಪೀಳಿಗೆ) ಡ್ರೈವ್ ಸೆಕೆಂಡಿಗೆ 360 ಎಂಬಿ ಓದಬಲ್ಲದು, ಸಾಮಾನ್ಯ ಹಾರ್ಡ್ ಡಿಸ್ಕ್ ಒಂಟಿಯಾಗಿ ಆ ವೇಗಕ್ಕೆ ಬರೆಯಲಾರದು. ವೇಳೆ ಹಾಳಾಗುವುದು ನಾವು ಫೈಲ್ ಕೇಳುವ ಕ್ರಮದಲ್ಲಿ, ಬ್ಯಾಕಪ್ ಬರೆದ ರೀತಿಯಲ್ಲಿ, ಡೇಟಾ ಹೋಗಿ ಇಳಿಯುವ ಜಾಗದಲ್ಲಿ.

ಮೊದಲು ಟೇಪಿನ ಒಳಗೆ ಡೇಟಾ ಹೇಗೆ ಕೂತಿದೆ ಎಂಬುದು ಮನಸ್ಸಿನಲ್ಲಿರಬೇಕು. ಎಲ್‌ಟಿಒ-8ರ ಟೇಪ್ 960 ಮೀಟರ್ ಉದ್ದ, ಹಿಡಿಯುವುದು 12 ಟಿಬಿ. ಹೊಲ ಉಳುವ ಎತ್ತು ಒಂದು ಸಾಲು ಮುಗಿಸಿ ಬದುವಿನಲ್ಲಿ ತಿರುಗಿ ಪಕ್ಕದ ಸಾಲಿನಲ್ಲಿ ಹಿಂದೆ ಬರುವ ಹಾಗೆ ಹೆಡ್ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ ಬರೆಯುತ್ತದೆ. ಹೀಗೆ 208 ಸಾಲು. ಒಂದೊಂದಕ್ಕೆ ಸುಮಾರು 57 ಜಿಬಿ, ಓದಲು 160 ಸೆಕೆಂಡು. ಹಾಗಾಗಿ ಮೊದಲ ಸಾಲಿನ ಆರಂಭದಲ್ಲಿರುವ ಫೈಲೂ ಎರಡನೇ ಸಾಲಿನ ಕೊನೆಯಲ್ಲಿರುವ ಫೈಲೂ ಲೆಕ್ಕದಲ್ಲಿ 115 ಜಿಬಿ ದೂರ, ಟೇಪಿನ ಮೇಲೆ ಅಕ್ಕಪಕ್ಕ.

ಇಡೀ ಟೇಪನ್ನು ಒಂದೇ ಓಟದಲ್ಲಿ ಓದಲು ಸುಮಾರು ಒಂಬತ್ತೂಕಾಲು ಗಂಟೆ ಸಾಕು. ಚೆದುರಿದ ಫೈಲುಗಳನ್ನು ಒಂದೊಂದಾಗಿ ಹುಡುಕಿದರೆ ಪ್ರತಿಯೊಂದಕ್ಕೂ ಸರಾಸರಿ 50 ಸೆಕೆಂಡು ಹಿಡಿಯಿರಿ. ಸಾವಿರ ಫೈಲಿಗೆ ಹದಿನಾಲ್ಕು ಗಂಟೆ! ಬೇಕಾದ ಜಾಗಗಳು ಆರೇಳುನೂರು ದಾಟಿದರೆ ನಾನು ಹುಡುಕಾಟ ಬಿಟ್ಟು ಪೂರ್ತಿ ಟೇಪನ್ನೇ ವೇಗದ ತಾತ್ಕಾಲಿಕ ಡಿಸ್ಕಿಗೆ ಇಳಿಸಿ ಅಲ್ಲಿಂದ ಆರಿಸುತ್ತೇನೆ. ಅದಕ್ಕಿಂತ ಕಡಿಮೆಯಿದ್ದರೆ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಕೊಡದೆ, ಮೊದಲು ಕಾರ್ಟ್ರಿಜ್ ಪ್ರಕಾರ, ಆಮೇಲೆ ಬ್ಲಾಕ್ (ಟೇಪಿನ ಮೇಲೆ ಡೇಟಾ ಬರೆದ ತುಂಡು) ಸಂಖ್ಯೆಯ ಪ್ರಕಾರ ಜೋಡಿಸಿ ಕೊಡುತ್ತೇನೆ. ಎಲ್‌ಟಿಎಫ್‌ಎಸ್ (ಟೇಪನ್ನು ಡಿಸ್ಕಿನ ಹಾಗೆ ಫೈಲು, ಫೋಲ್ಡರುಗಳಾಗಿ ತೋರಿಸುವ ವ್ಯವಸ್ಥೆ) ಟೇಪಾದರೆ ಪ್ರತಿ ಫೈಲಿನ 'ಸ್ಟಾರ್ಟ್‌ಬ್ಲಾಕ್' ಗುಣವನ್ನು ಓದಿ ಸಾರ್ಟ್ ಮಾಡಬಹುದು. ಫೈಲ್ ಮ್ಯಾನೇಜರಿನಲ್ಲಿ ಫೋಲ್ಡರ್ ಎಳೆದು ಹಾಕುವವರೇ ಹೆಚ್ಚು. ಆಗ ಟೇಪ್ ದಿನವಿಡೀ ಅತ್ತಿಂದಿತ್ತ ಓಡುತ್ತದೆ, ಡೇಟಾ ಮಾತ್ರ ಹನಿಯುತ್ತದೆ.

ಹೆಚ್ಚು ಜನ ಗಮನಿಸದ ಸಂಗತಿ ಬೇರೆ: ಡೇಟಾ ತೆಗೆದುಕೊಳ್ಳುವ ಕಡೆ ನಿಧಾನವಾದರೆ ಡ್ರೈವ್ ತನ್ನ ವೇಗ ತಗ್ಗಿಸುತ್ತದೆ, ಆದರೆ ಅದಕ್ಕೂ ಮಿತಿಯಿದೆ. ಎಲ್‌ಟಿಒ-8ರಲ್ಲಿ ಅದು ಸೆಕೆಂಡಿಗೆ ಸುಮಾರು 110 ಎಂಬಿ. ಅದರ ಕೆಳಗಿಳಿದರೆ ಟೇಪ್ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಓಟ ಹಿಡಿಯುತ್ತದೆ. ಶೂ-ಶೈನಿಂಗ್ ಎನ್ನುವುದು ಇದನ್ನೇ. 1 ಗಿಗಾಬಿಟ್ ನೆಟ್‌ವರ್ಕ್ ಕೊಡುವುದು ಸರಿಸುಮಾರು ಅಷ್ಟೇ, ಅಂದರೆ ಅಂಚಿನಲ್ಲೇ ನಿಂತಿರುತ್ತೀರಿ. ಡೇಟಾ ಎರಡಕ್ಕೊಂದರಂತೆ ಕಂಪ್ರೆಸ್ ಆಗಿದ್ದರೆ ಬಿಚ್ಚಿದ ಮೇಲೆ ಅದೇ ಕನಿಷ್ಠ 220 ಎಂಬಿ ಆಗುತ್ತದೆ. ಅದಕ್ಕೇ ಡಿಆರ್ ಸೈಟಿನ ಮೀಡಿಯಾ ಸರ್ವರಿಗೆ (ಟೇಪ್ ಡ್ರೈವ್ ಜೋಡಿಸಿರುವ ಸರ್ವರ್) 10 ಗಿಗಾಬಿಟ್ ಇರಲೇಬೇಕು ಎಂದು ಹಟ ಹಿಡಿಯುತ್ತೇನೆ. ಅದು ಸಿಗದಿದ್ದರೆ ಟೇಪಿನಿಂದ ಮೊದಲು ಆ ಸರ್ವರಿನ ಸ್ವಂತ ಡಿಸ್ಕಿಗೆ, ಅಲ್ಲಿಂದ ನಿಧಾನವಾಗಿ ನೆಟ್‌ವರ್ಕಿಗೆ.

ಮಲ್ಟಿಪ್ಲೆಕ್ಸಿಂಗ್ ಇನ್ನೊಂದು ಗುಪ್ತ ಶತ್ರು. ಬ್ಯಾಕಪ್ ಬೇಗ ಮುಗಿಯಲಿ ಎಂದು ಎಂಟು ಸರ್ವರುಗಳ ಡೇಟಾವನ್ನು ಹೆಣೆದು ಬರೆದಿರುತ್ತಾರೆ. ಒಂದನ್ನು ಮಾತ್ರ ವಾಪಸ್ ಕೇಳಿದರೆ ಡ್ರೈವ್ ಎಂಟನ್ನೂ ಓದಿ ಏಳನ್ನು ಎಸೆಯಬೇಕು: 360 ಎಂಬಿ ವೇಗ ಕೈಗೆ ಸಿಗುವಾಗ 45. ನೆಟ್‌ಬ್ಯಾಕಪ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ದಾರಿಯಿದೆ. ಒಂದೇ ಹೆಣಿಗೆಯಲ್ಲಿರುವ ಸರ್ವರುಗಳ ರಿಸ್ಟೋರ್ ಕೆಲಸಗಳನ್ನು 30 ಸೆಕೆಂಡಿನ ಒಳಗೆ ಒಟ್ಟಿಗೆ ಸಲ್ಲಿಸಿದರೆ ಅದು ಒಂದೇ ಓದಿನಲ್ಲಿ ಎಲ್ಲವನ್ನೂ ಹಂಚುತ್ತದೆ. ಈ 30 ಸೆಕೆಂಡಿನ ಕಾಯುವಿಕೆಯನ್ನು ಸೆಟ್ಟಿಂಗಿನಲ್ಲಿ ಹೆಚ್ಚಿಸಿಕೊಳ್ಳಬಹುದು. ನಿಜವಾದ ಪರಿಹಾರ ಬ್ಯಾಕಪ್ ಸಮಯದಲ್ಲೇ ಇದೆ. ಮೊದಲು ಡಿಸ್ಕಿಗೆ ಬರೆದು, ಅಲ್ಲಿಂದ ಒಂದೊಂದೇ ಸರ್ವರಿನ ಡೇಟಾ ಬಿಡಿಯಾಗಿ ಟೇಪಿಗೆ ಹೋಗಲಿ. ಮುಖ್ಯ ಡೇಟಾಬೇಸುಗಳನ್ನು ನಾನು ಯಾವತ್ತೂ ಹೆಣೆದು ಬರೆಸುವುದಿಲ್ಲ.

ಚಿಕ್ಕ ಫೈಲುಗಳ ಲೆಕ್ಕ ಹೀಗೆ. ತಲಾ 40 ಕೆಬಿಯ ಒಂದು ಕೋಟಿ ಫೈಲು ಎಂದರೆ 400 ಜಿಬಿ. ಟೇಪಿಗೆ ಅದು ಇಪ್ಪತ್ತು ನಿಮಿಷದೊಳಗಿನ ಕೆಲಸ. ಆದರೆ ಇಳಿಯುವ ಫೈಲ್ ಸಿಸ್ಟಮ್ ಸೆಕೆಂಡಿಗೆ ಸಾವಿರ ಫೈಲನ್ನಷ್ಟೇ ಸೃಷ್ಟಿಸಬಲ್ಲದಾದರೆ ಎರಡೂಮುಕ್ಕಾಲು ಗಂಟೆ ಬೇಕು. ರಿಸ್ಟೋರ್ ಮುಗಿಯುವವರೆಗೆ ಆ ಡಿಸ್ಕಿನ ಮೇಲೆ ಆಂಟಿವೈರಸ್‌ನ ನೇರ ಪರಿಶೀಲನೆ ನಿಲ್ಲಿಸಿ, ಮುಗಿದ ಮೇಲೆ ಒಟ್ಟಿಗೆ ಸ್ಕ್ಯಾನ್ ಮಾಡಿ. ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನ) ಮೂಲಕ ಬರೆಯಬೇಡಿ, ಸ್ಟೋರೇಜ್ ಇರುವ ಸರ್ವರಿನಲ್ಲೇ ಬರೆಯಿರಿ. ಹಲವು ಡಿಸ್ಕು ಸೇರಿಸಿ ಆಗಷ್ಟೇ ಕಟ್ಟಿದ ರೇಡ್-6 ಗುಂಪು ಹಿನ್ನೆಲೆಯಲ್ಲಿ ಇನ್ನೂ ಇನಿಶಿಯಲೈಸ್ ಆಗುತ್ತಿದೆಯೇ ನೋಡಿ. ಡಿಆರ್‌ನಲ್ಲಿ ಡಿಸ್ಕುಗಳೆಲ್ಲ ಹೊಸವೇ ಆದ್ದರಿಂದ ಇದು ತೀರಾ ಸಾಮಾನ್ಯ, ಬರೆಯುವ ವೇಗವನ್ನು ಚೆನ್ನಾಗಿಯೇ ತಿನ್ನುತ್ತದೆ.

ಲಿನಕ್ಸಿನಲ್ಲಿ ಟಾರ್ (ಫೈಲುಗಳನ್ನು ಒಂದಾಗಿ ಕಟ್ಟಿ ಬಿಚ್ಚುವ ಕಮಾಂಡ್) ಮೂಲಕ ಓದುವಾಗ 'ಕೆನಾಟ್ ಅಲೊಕೇಟ್ ಮೆಮೊರಿ' ಎಂಬ ದೂರು ಬಂದರೆ ರ‍್ಯಾಮ್ ಕಡಿಮೆ ಎಂದು ತಿಳಿಯಬೇಡಿ. ಟೇಪಿನ ಬ್ಲಾಕ್ ನೀವು ಕೊಟ್ಟ ಬಫರಿಗಿಂತ ದೊಡ್ಡದಿದೆ, ಅಷ್ಟೇ. ಟೇಪ್ ನಿಯಂತ್ರಿಸುವ ಎಂಟಿ ಕಮಾಂಡಿನಿಂದ ಬ್ಲಾಕ್ ಗಾತ್ರವನ್ನು 0ಗೆ (ಅಂದರೆ ಯಾವ ಗಾತ್ರವಾದರೂ ಸರಿ) ಇಟ್ಟು, ನಕಲು ಮಾಡುವ ಡಿಡಿ ಕಮಾಂಡಿನಿಂದ 2 ಎಂಬಿ ಬಫರ್ ಕೊಟ್ಟು ಒಂದೇ ಬ್ಲಾಕ್ ಓದಿ. ಎಷ್ಟು ಬೈಟ್ ಬಂತೋ ಅದೇ ಅಳತೆ. 262144 ಬಂದರೆ ಟಾರ್‌ನ ಬ್ಲಾಕಿಂಗ್ ಫ್ಯಾಕ್ಟರ್ (ಒಂದು ಬ್ಲಾಕಿನಲ್ಲಿ 512 ಬೈಟಿನ ತುಂಡುಗಳೆಷ್ಟು ಎಂಬ ಎಣಿಕೆ) 512. ಆಮೇಲೆ ರಿವೈಂಡ್ ಮಾಡಿ ಶುರು ಮಾಡಿ.

ಇದೆಲ್ಲಕ್ಕೂ ಮೊದಲು ಕ್ಯಾಟಲಾಗ್ ಕೈಯಲ್ಲಿರಬೇಕು. ಯಾವ ಫೈಲು ಯಾವ ಟೇಪಿನ ಎಷ್ಟನೇ ಬ್ಲಾಕಿನಲ್ಲಿದೆ ಎಂಬ ಆ ದಾಖಲೆ ಸುಟ್ಟುಹೋದ ಸರ್ವರಿನಲ್ಲಿ ಮಾತ್ರ ಇದ್ದರೆ ಟೇಪುಗಳನ್ನೆಲ್ಲ ಓದಿ ಇಂಪೋರ್ಟ್ ಮಾಡಿದ ಮೇಲಷ್ಟೇ ನಿಜವಾದ ರಿಸ್ಟೋರ್. ಡ್ರೈವಿನಲ್ಲೇ ಎನ್‌ಕ್ರಿಪ್ಟ್ ಮಾಡಿದ್ದರೆ ಕೀ ಕೂಡ ಹೊರಗೆ ಬೇರೆ ಕಡೆ ಇರಬೇಕು. ಅದಿಲ್ಲದೆ ಟೇಪಿದ್ದೂ ಪ್ರಯೋಜನವಿಲ್ಲ. ಎಲ್‌ಟಿಒ-8 ಡ್ರೈವ್ ಎಲ್‌ಟಿಒ-7 ಓದುತ್ತದೆ, ಎಲ್‌ಟಿಒ-6 ಓದುವುದಿಲ್ಲ. ಹಳೆ ಟೇಪುಗಳಿದ್ದರೆ ಹಳೆ ಡ್ರೈವನ್ನೂ ಡಿಆರ್ ಸೈಟಿನಲ್ಲಿ ಉಳಿಸಿಕೊಳ್ಳಿ.

ಇಷ್ಟು ರಗಳೆ ಯಾಕೆ, ಟೇಪನ್ನೇ ಬಿಡಬಾರದೇ ಎನ್ನುವವರಿಗೆ 2011ರ ಫೆಬ್ರವರಿಯ ಜಿಮೇಲ್ ಪ್ರಕರಣ ಹೇಳುತ್ತೇನೆ. ಸಾಫ್ಟ್‌ವೇರ್ ದೋಷವೊಂದು ಕೆಲವು ಖಾತೆಗಳ ಪತ್ರಗಳ ಆನ್‌ಲೈನ್ ಪ್ರತಿಗಳನ್ನೆಲ್ಲ ಅಳಿಸಿತ್ತು. ಗೂಗಲ್ ಅವನ್ನು ಮರಳಿ ತಂದದ್ದು ಆಫ್‌ಲೈನ್ ಇದ್ದ ಟೇಪಿನಿಂದ.

ಎಲ್ಲ ಸರಿಯಿದ್ದೂ ಒಂದು ಟೇಪ್ ಮಾತ್ರ ತೆವಳುತ್ತಿದ್ದರೆ ಅದನ್ನು ಬೇರೆ ಡ್ರೈವಿಗೆ ಹಾಕಿ ನೋಡುತ್ತೇನೆ. ಹಾಕುವ ಮುನ್ನ ರೈಟ್-ಪ್ರೊಟೆಕ್ಟ್ ಗುಂಡಿ ಸರಿಸಿರಬೇಕು. ಅಲ್ಲೂ ನಿಧಾನವಾದರೆ ದೋಷ ಕಾರ್ಟ್ರಿಜಿನದು, ಇಲ್ಲದಿದ್ದರೆ ಹಳೆ ಡ್ರೈವಿನ ಹೆಡ್‌ನದು. ಹೆಡ್ಡಿಗೆ ಕ್ಲೀನಿಂಗ್ ಕಾರ್ಟ್ರಿಜ್ ಒಮ್ಮೆ ಓಡಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಕಾರ್ಟ್ರಿಜಿನದಾದರೆ ಅದರ ಜೊತೆ ಗುದ್ದಾಡದೆ ಎರಡನೇ ಪ್ರತಿ ತರಿಸಿ.